ಕಾಡಾಗಿದ್ದ ಹಿತ್ತಲು, ಬಿಡುವಿಲ್ಲದ ಮನೆ: ಒಂದು ಪ್ರಕರಣ ಅಧ್ಯಯನ

ಪಾಳುಬಿದ್ದ ತೋಟವನ್ನು ಮತ್ತೆ ಸರಿಪಡಿಸುವ ಬಗ್ಗೆ ಸಲಹೆಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಕೈಯಲ್ಲಿ ಪುರುಸೊತ್ತು ಇರುವವರಿಗಾಗಿ ಹೇಳಿದವು. ಆಳುಗಳನ್ನು ಕರೆಸಿ ಎಲ್ಲವನ್ನೂ ಸವರಿಸಿ, ನೆಲ ಅಗೆಸಿ, ಹೊಸದಾಗಿ ನೆಡಿ, ಆಮೇಲೆ ದಿನವೂ ನೋಡಿಕೊಳ್ಳಿ ಎನ್ನುತ್ತವೆ. ಆ ಕೊನೆಯ ಮಾತು ಪುಟ್ಟ ಮಕ್ಕಳಿರುವ, ಇಬ್ಬರೂ ದುಡಿಯುವ ಮನೆಗೆ ಎಷ್ಟು ಭಾರ ಎಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಮನೆಯ ಹಿತ್ತಲಿನ ಬಗ್ಗೆ. ಕೈತೋಟ ಮಾಡುವವರಿಗೆ ಸಲಹೆ ಕೊಡುವ ಕೆಲಸದಲ್ಲಿ ನಾನು ಈ ಹಿತ್ತಲಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹೋಗಿಬರುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಸಿಗದಂತೆ ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗಿಡಗಳು, ನೆಲ ಮತ್ತು ಅವರು ತೆಗೆದುಕೊಂಡ ತೀರ್ಮಾನಗಳು ಇದ್ದ ಹಾಗೆಯೇ ಇವೆ. ದಂಪತಿಯನ್ನು ತಂದೆ, ತಾಯಿ ಎಂದಷ್ಟೇ ಕರೆಯುತ್ತೇನೆ.

ಹಿನ್ನೆಲೆ

ಮನೆ ತಾಯಿಯ ತವರಿನದು. ಹಿಂದೆ ಸುಮಾರು 30 ಅಡಿ ಅಗಲ, 70 ಅಡಿ ಉದ್ದದ ಹಿತ್ತಲು. ಅದನ್ನು ಕಟ್ಟಿ ಬೆಳೆಸಿದವರು ತಾಯಿಯ ಅಮ್ಮ. ಅವರು ತೀರಿಕೊಂಡ ಮೇಲೆ ಮನೆಗೆ ನಾಲ್ಕು ವರ್ಷ ಬೀಗ ಬಿದ್ದಿತ್ತು. ಮಗಳು, ಅಳಿಯ, ಏಳು ವರ್ಷದ ಮೊಮ್ಮಗಳು ಮತ್ತು ಎರಡು ವರ್ಷದ ಮೊಮ್ಮಗ ಅಲ್ಲಿಗೆ ಬಂದು ನೆಲೆಸಿದಾಗ ಹಿತ್ತಲ ಬಾಗಿಲನ್ನು ಪೂರ್ತಿ ತೆರೆಯಲೂ ಆಗುತ್ತಿರಲಿಲ್ಲ. ಹೊರಗಿನಿಂದ ಬಳ್ಳಿ ಹೆಣೆದುಕೊಂಡಿತ್ತು.

ಬಾಗಿಲ ಬಳಿ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕದಲ್ಲಿ ಕರಿಬೇವು, ಎರಡು ಹಳೆಯ ದಾಸವಾಳ, ಒಂದು ಮಲ್ಲಿಗೆ ಬಳ್ಳಿ. ನಡುವೆ ಒಂದು ಸೀಬೆ ಮರ, ಅದರ ಸುತ್ತ ಎದೆಮಟ್ಟ ಬೆಳೆದ ಪಾರ್ಥೇನಿಯಂ. ಎಡಗಡೆ ನೆಲದುದ್ದಕ್ಕೂ ಜೇಕು ಹುಲ್ಲು. ಹಿಂದಿನ ಮೂರನೇ ಒಂದು ಭಾಗವನ್ನು ಲಂಟಾನ ಪೂರ್ತಿ ಆಕ್ರಮಿಸಿತ್ತು. ಆವರಣದ ಗೋಡೆ ಇದೆ ಎಂಬುದು ಆ ಪೊದೆಯ ಹಿಂದೆ ಕೈ ಹಾಕಿದರೆ ಮಾತ್ರ ತಿಳಿಯುತ್ತಿತ್ತು. ಅಲ್ಲಲ್ಲಿ ಒಡೆದ ಕುಂಡಗಳಲ್ಲಿ, ಹಳೆಯ ಬಕೆಟ್ಟಿನಲ್ಲಿ ಮಳೆನೀರು ನಿಂತಿತ್ತು.

ತಂದೆಯದು ಬೆಳಿಗ್ಗೆ ಹೋಗಿ ಸಂಜೆ ಬರುವ ಕಚೇರಿ ಕೆಲಸ. ತಾಯಿಯದು ಪಾಳಿಯ ಕೆಲಸ, ವಾರದಲ್ಲಿ ಕೆಲವು ರಾತ್ರಿ ಮನೆಯಲ್ಲಿ ಇರುವುದಿಲ್ಲ. ಹಿತ್ತಲಿನ ಜವಾಬ್ದಾರಿ ಹೆಚ್ಚುಕಡಿಮೆ ತಂದೆಯ ಮೇಲೆಯೇ ಬಿತ್ತು. ಅವರಿಗೆ ಮೊದಲು ಕಾಡಿದ್ದು ತೋಟದ ಚೆಂದವಲ್ಲ: ಹಾವು, ಸೊಳ್ಳೆ, ಮತ್ತು ಬಾಗಿಲು ತೆರೆದರೆ ಓಡಿಬಿಡುವ ಸಣ್ಣ ಮಗ.

ಒಂದೇ ದಿನದಲ್ಲಿ ಬಯಲು

ನನ್ನನ್ನು ಕರೆಯುವ ಮೊದಲೇ ಒಂದು ಪ್ರಯತ್ನ ಆಗಿಹೋಗಿತ್ತು. ಕಳೆ ಕತ್ತರಿಸುವ ಯಂತ್ರ ಹಿಡಿದ ಆಳುಗಳು ಒಂದು ಬೆಳಿಗ್ಗೆ ಬಂದು ಮನೆಯ ಕಡೆಯಿಂದ ಸವರುತ್ತಾ ಹೊರಟರು. ಮಧ್ಯಾಹ್ನ ತಾಯಿ ಕೆಲಸ ಮುಗಿಸಿ ಬಂದಾಗ ಅರ್ಧ ಹಿತ್ತಲು ಬೋಳಾಗಿತ್ತು. ಮಲ್ಲಿಗೆ ಇದ್ದ ಜಾಗದಲ್ಲಿ ಬೆರಳುದ್ದದ ಕಡ್ಡಿಗಳು ಉಳಿದಿದ್ದವು. ಅಮ್ಮ ನೆಟ್ಟ ಬಳ್ಳಿ. ತಾಯಿ ಅಲ್ಲಿಗೇ ಕೆಲಸ ನಿಲ್ಲಿಸಿದರು. ಆಳುಗಳದೂ ತಪ್ಪಿರಲಿಲ್ಲ, ಇದನ್ನು ಉಳಿಸಿ ಎಂದು ಯಾರೂ ಗುರುತು ಮಾಡಿ ತೋರಿಸಿರಲಿಲ್ಲ.

ಕೆಲಸ ಅರ್ಧಕ್ಕೆ ನಿಂತದ್ದರಿಂದ ಒಂದು ಉಪಕಾರವಾಯಿತು. ಒಂದೇ ಹಿತ್ತಲಿನಲ್ಲಿ ಸವರಿದ ಅರ್ಧ, ಸವರದ ಅರ್ಧ ಎರಡೂ ಪಕ್ಕಪಕ್ಕದಲ್ಲಿ ಉಳಿದವು. ಆಮೇಲೆ ಮಳೆ ಬಂತು. ಸುಮಾರು ಒಂದೂವರೆ ತಿಂಗಳಲ್ಲಿ ಸವರಿದ ಭಾಗ ಸವರದ ಭಾಗಕ್ಕಿಂತ ದಟ್ಟವಾಗಿ ತುಂಬಿಕೊಂಡಿತು. ನಾನು ಮೊದಲ ಸಲ ನೋಡಿದ್ದು ಆ ಸ್ಥಿತಿಯಲ್ಲಿ. ತಂದೆ ಬೇಸರದಿಂದ, ಖರ್ಚು ಮಾಡಿ ಕಳೆ ಬೆಳೆಸಿದ ಹಾಗಾಯಿತು ಎಂದರು.

ಹೀಗಾಗುವುದಕ್ಕೆ ಕಾರಣವಿದೆ, ಮತ್ತು ಇಡೀ ಪ್ರಕರಣ ಅರ್ಥವಾಗಬೇಕಾದರೆ ಅದನ್ನು ಬಿಡಿಸಿ ಹೇಳಬೇಕು. ನಾಲ್ಕು ವರ್ಷ ಕೇಳುವವರಿಲ್ಲದೆ ಬೆಳೆದ ನೆಲದಲ್ಲಿ ಕಣ್ಣಿಗೆ ಕಾಣುವ ಕಳೆಗಿಂತ ಕಾಣದ ಕಳೆ ಹೆಚ್ಚು. ಚೆನ್ನಾಗಿ ಬೆಳೆದ ಒಂದು ಪಾರ್ಥೇನಿಯಂ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮಣ್ಣಿನೊಳಗೆ ಸೇರಿದವು ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಮೇಲಿನ ನೆರಳು ಹೋಗಿ ಬಿಸಿಲು, ತೇವ ಎರಡೂ ಸಿಕ್ಕ ಕೂಡಲೇ ಒಟ್ಟಿಗೆ ಮೊಳೆಯುತ್ತವೆ. ಮೊಳೆತ ಒಂದು ಒಂದೂವರೆ ತಿಂಗಳಿಗೇ ಹೂ ಬಿಡಬಲ್ಲವು. ಲಂಟಾನವನ್ನು ಬುಡದ ಮೇಲೆ ಕತ್ತರಿಸಿದರೆ ಅದೇ ಬುಡದಿಂದ ಹತ್ತು ಚಿಗುರು ಒಡೆಯುತ್ತದೆ.

ಎಲ್ಲಕ್ಕಿಂತ ಹಟಮಾರಿ ಜೇಕು. ನೆಲದಡಿಯಲ್ಲಿ ಅದರ ಸಣ್ಣ ಗಡ್ಡೆಗಳು ತೆಳು ಬೇರುಕಾಂಡಗಳಿಂದ ಒಂದಕ್ಕೊಂದು ಕೂಡಿಕೊಂಡು ಸರದಂತೆ ಹಬ್ಬಿರುತ್ತವೆ. ಸರ ಅಖಂಡವಾಗಿರುವಾಗ ತುದಿಯ ಗಡ್ಡೆ ಮಾತ್ರ ಚಿಗುರಿ ಉಳಿದವು ಮಲಗಿರುತ್ತವೆ. ಗುದ್ದಲಿ ಹಾಕಿ ಸರ ಕಡಿದರೆ ಮಲಗಿದ್ದ ಗಡ್ಡೆಗಳೆಲ್ಲ ಏಳುತ್ತವೆ. ಉತ್ಸಾಹದಿಂದ ಒಮ್ಮೆ ಅಗೆದು ಕೈಬಿಟ್ಟ ಜಾಗದಲ್ಲಿ ಜೇಕು ಮುಂಚಿಗಿಂತ ಹೆಚ್ಚಾಗುವುದು ಇದರಿಂದಲೇ.

ಅಂದರೆ ಸವರುವುದು ಕೆಲಸದ ಆರಂಭ ಮಾತ್ರ. ನೆಲ ತೆರೆದ ಮೇಲಿನ ಎರಡು ಮೂರು ತಿಂಗಳ ಕಾವಲು ನಿಜವಾದ ಕೆಲಸ, ಮತ್ತು ಈ ಮನೆಯಲ್ಲಿ ಇಲ್ಲದ್ದು ಅದಕ್ಕೆ ಬೇಕಾದ ಸಮಯ.

ಭಾನುವಾರಗಳು ಹೋದ ದಾರಿ

ಯಂತ್ರ ಬೇಡವೆಂದ ಮೇಲೆ ತಂದೆ ಭಾನುವಾರಗಳನ್ನು ಹಿತ್ತಲಿಗೆ ಮೀಸಲಿಟ್ಟರು. ಮೊದಲ ಭಾನುವಾರ ಐದು ಗಂಟೆ ಬಗ್ಗಿ ಕಳೆ ಕಿತ್ತು ಎರಡು ದಿನ ಸೊಂಟ ನೋವು ಅನುಭವಿಸಿದರು. ಮುಂದಿನದು ಮಗಳ ಗೆಳತಿಯ ಹುಟ್ಟುಹಬ್ಬಕ್ಕೆ ಹೋಯಿತು. ಅದರ ಮುಂದಿನದು ಮಗನ ಜ್ವರಕ್ಕೆ. ಮತ್ತೆ ಬಿಡುವಾಗುವ ಹೊತ್ತಿಗೆ ಮೊದಲು ಕಿತ್ತ ಜಾಗ ಗುರುತೇ ಸಿಗದಷ್ಟು ಮುಚ್ಚಿಹೋಗಿತ್ತು. ಜೊತೆಗೆ, ವಾರವಿಡೀ ಕಾದ ಮಕ್ಕಳಿಗೆ ಅಪ್ಪ ಸಿಗುತ್ತಿದ್ದ ಒಂದೇ ದಿನವೂ ಕೈತಪ್ಪುತ್ತಿತ್ತು. ಇದು ನನಗೆ ಕಳೆಗಿಂತ ದೊಡ್ಡ ನಷ್ಟವಾಗಿ ಕಂಡಿತು.

ಸಾಮಾನ್ಯವಾಗಿ ಇಂಥ ಹಂತದಲ್ಲಿ ಜನ ಕಳೆನಾಶಕದ ಕಡೆ ತಿರುಗುತ್ತಾರೆ. ಇವರೂ ಯೋಚಿಸಿದರು. ಗ್ಲೈಫೋಸೇಟ್ ಎಂಬ ಕಳೆನಾಶಕ ಎಲೆಯ ಮೂಲಕ ಬೇರಿಗಿಳಿದು ಗಿಡವನ್ನು ಕೊಲ್ಲುತ್ತದೆ ನಿಜ. ಆದರೆ ಮಣ್ಣಿನಲ್ಲಿರುವ ಬೀಜವನ್ನು ಅದು ಮುಟ್ಟುವುದಿಲ್ಲ, ಗಾಳಿಗೆ ಹಾರಿ ಬಿದ್ದರೆ ದಾಸವಾಳವನ್ನೂ ಕರಿಬೇವನ್ನೂ ಬಿಡುವುದಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಅದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿತು. ಹಲವು ದೇಶಗಳ ನಿಯಂತ್ರಣ ಸಂಸ್ಥೆಗಳು ಆ ತೀರ್ಮಾನವನ್ನು ಒಪ್ಪಿಲ್ಲ. ಆ ವಾದ ಏನೇ ಇರಲಿ, ಸಿಕ್ಕಿದ್ದನ್ನು ಬಾಯಿಗಿಡುವ ಮಗು ತೆವಳಿ ಓಡುವ ನೆಲಕ್ಕೆ ಸಿಂಪಡಿಸುವುದು ಬೇಡವೆಂದು ತಾಯಿ ಖಡಾಖಂಡಿತವಾಗಿ ಹೇಳಿದರು. ಉಪ್ಪು ಸುರಿದರೆ ಹೇಗೆ ಎಂದು ತಂದೆ ಕೇಳಿದರು. ಉಪ್ಪು ಕಳೆಯ ಜೊತೆ ಮಣ್ಣನ್ನೂ ಕೆಡಿಸುತ್ತದೆ; ಮುಂದೆ ಏನನ್ನಾದರೂ ಬೆಳೆಯಬೇಕೆಂದಿರುವ ಜಾಗಕ್ಕೆ ಅದನ್ನು ಹಾಕಲೇಬಾರದು.

ಕಂಪಾಸು ಪೆಟ್ಟಿಗೆಯೊಳಗಿನ ಬೀಜ

ಕೆಲಸದ ಕ್ರಮವನ್ನೇ ಬದಲಿಸಿದ್ದು ಮಗಳು. ಒಂದು ಸಂಜೆ ಆಕೆ ಕಂಪಾಸು ಪೆಟ್ಟಿಗೆ ತೆರೆದು, "ಅಪ್ಪಾ, ನೋಡಿ, ಮಣಿ" ಎಂದು ತೋರಿಸಿದಳು. ಪೆನ್ಸಿಲ್ಲಿನ ಚೂರು, ರಬ್ಬರಿನ ತುಂಡುಗಳ ನಡುವೆ ಕಡುಗೆಂಪಿನ, ಒಂದು ಬದಿಗೆ ಮಾತ್ರ ಕಪ್ಪು ಚುಕ್ಕೆಯಿದ್ದ ಹೊಳೆಯುವ ಬೀಜಗಳು. ಗುಲಗಂಜಿ. ಬೇಲಿಯ ಮೇಲೆ ಹಬ್ಬಿದ ಬಳ್ಳಿಯ ಒಣಗಿ ಬಿರಿದ ಕಾಯಿಗಳಿಂದ ಆರಿಸಿದ್ದಳು. ಕೆಲವನ್ನು ಸೂಜಿಯಿಂದ ಚುಚ್ಚಿ ದಾರಕ್ಕೆ ಪೋಣಿಸಲು ನೋಡಿದ್ದಳು.

ಗುಲಗಂಜಿಯ ಬೀಜದಲ್ಲಿ ಏಬ್ರಿನ್ ಎಂಬ ವಿಷವಿದೆ. ಸಿಪ್ಪೆ ಬಹಳ ಗಟ್ಟಿ, ಆದ್ದರಿಂದ ಇಡಿಯಾಗಿ ನುಂಗಿದ ಬೀಜ ಕೆಲವೊಮ್ಮೆ ಹಾಗೆಯೇ ಹೊರಗೆ ಹೋಗಬಹುದು. ಆದರೆ ಜಗಿದರೆ, ಚುಚ್ಚಿದರೆ, ಪುಡಿಯಾದರೆ ತೀರ ಅಲ್ಪ ಪ್ರಮಾಣವೂ ಪ್ರಾಣಕ್ಕೆ ಎರವಾಗಬಲ್ಲದು, ಮತ್ತು ಅದಕ್ಕೆಂದೇ ಇರುವ ಪ್ರತಿವಿಷವಿಲ್ಲ. ನುಂಗಿರಬಹುದೆಂಬ ಅನುಮಾನವಿದ್ದರೂ ಲಕ್ಷಣ ಕಾಣಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಅದೃಷ್ಟಕ್ಕೆ ಇಲ್ಲಿ ಯಾರೂ ಬಾಯಿಗೆ ಹಾಕಿಕೊಂಡಿರಲಿಲ್ಲ. ತಂದೆ ಆ ರಾತ್ರಿಯೇ ನನಗೆ ಚಿತ್ರ ಕಳುಹಿಸಿದರು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಯಾವ ಸಲಹೆಗೂ ಮೊದಲು ವಿಷದ ಗಿಡಗಳನ್ನು ಹುಡುಕಬೇಕೆಂಬ ನನ್ನ ನಂಬಿಕೆ ಅಂದಿನಿಂದ ಇನ್ನೂ ಗಟ್ಟಿಯಾಗಿದೆ.

ಮರುದಿನ ಕಳೆಯನ್ನು ಪೂರ್ತಿ ಮರೆತು ಇಡೀ ಹಿತ್ತಲನ್ನು ಕಣ್ಣಿನಲ್ಲೇ ಜಾಲಾಡಿದೆವು. ಉದ್ದ ಕೋಲಿನಿಂದ ಮುಂದಿನ ನೆಲ ತಟ್ಟುತ್ತಾ, ಪಾದ ಮುಚ್ಚುವ ಬೂಟು ಹಾಕಿಕೊಂಡು. ಗುಲಗಂಜಿಯ ಬಳ್ಳಿಯನ್ನು ಕಾಯಿಗಳೆಲ್ಲ ಚೀಲಕ್ಕೆ ಬಿದ್ದ ಮೇಲೆ ಬೇರುಸಹಿತ ತೆಗೆಯಲಾಯಿತು. ಕೆಳಗುದುರಿದ ಬೀಜಗಳನ್ನು ಕೈಗವಸು ಹಾಕಿ ಒಂದೊಂದಾಗಿ ಆರಿಸಲಾಯಿತು. ನಿಂತ ನೀರನ್ನೆಲ್ಲ ಚೆಲ್ಲಿದೆವು. ಡೆಂಗಿ ಹರಡುವ ಸೊಳ್ಳೆ ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಚೆಲ್ಲುವುದು ಕಡ್ಡಾಯವಾಯಿತು.

ಕಷ್ಟವಾದದ್ದು ಕಣಗಿಲೆ. ಅಜ್ಜಿ ನೆಟ್ಟ ಗುಲಾಬಿ ಬಣ್ಣದ ಕಣಗಿಲೆ ಮೂಲೆಯಲ್ಲಿ ಸೊಗಸಾಗಿ ಹೂ ಬಿಟ್ಟಿತ್ತು. ಅದರ ಎಲೆ, ಕಾಂಡ, ಹೂ, ಹಾಲು ಎಲ್ಲವೂ ವಿಷ. ಸುಟ್ಟರೆ ಹೊಗೆಯೂ ಅಪಾಯ. ಮಗ ದೊಡ್ಡವನಾಗುವವರೆಗೆ ಸುತ್ತ ಬೇಲಿ ಹಾಕಬಹುದಲ್ಲ ಎಂದು ತಾಯಿ ಕೇಳಿದರು. ಹಾಕಬಹುದಿತ್ತು. ಆದರೆ ಎಲೆ ಬೇಲಿಯಾಚೆ ಉದುರುತ್ತದೆ, ಬೇಲಿಯನ್ನು ನೋಡಿಕೊಳ್ಳುವುದು ಇನ್ನೊಂದು ಕೆಲಸವಾಗುತ್ತದೆ. ಎರಡು ದಿನ ಯೋಚಿಸಿ ತಾಯಿಯೇ ತೆಗೆಯಿರಿ ಎಂದರು. ನಾನು ಹೇಳಿ ಮಾಡಿಸಿದ್ದರೆ ಅದು ಮನಸ್ಸಿನಲ್ಲಿ ಉಳಿದುಬಿಡುತ್ತಿತ್ತು. ಹಿರಿಯರು ಬಿಟ್ಟುಹೋದ ಗಿಡವನ್ನು ತೆಗೆಯುವ ನಿರ್ಧಾರ ಮನೆಯವರದೇ ಆಗಿರಬೇಕು.

ಒಳ್ಳೆಯ ಕಡೆಯಿಂದ ಕೆಟ್ಟ ಕಡೆಗೆ

ಅಪಾಯಗಳು ಕಳೆದ ಮೇಲೆ ಎಲ್ಲಿಂದ ಶುರು ಮಾಡುವುದೆಂಬ ಪ್ರಶ್ನೆ ಬಂತು. ತಂದೆ ಲಂಟಾನದ ಕಡೆ ಬೆರಳು ತೋರಿಸಿದರು. ಎಲ್ಲರೂ ಹಾಗೆಯೇ ತೋರಿಸುತ್ತಾರೆ. ಅತಿ ಕೆಟ್ಟ ಮೂಲೆ ಕಣ್ಣನ್ನು ಎಳೆಯುತ್ತದೆ. ನಾನು ಅದಕ್ಕೆ ತದ್ವಿರುದ್ಧವಾದ ದಾರಿ ಸೂಚಿಸಿದೆ.

1960ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಸೋದರಿಯರು ತಮ್ಮ ಮನೆಯ ಆಸುಪಾಸಿನ ಕುರುಚಲು ಕಾಡಿನಲ್ಲಿ ಹೊರನಾಡಿನ ಕಳೆಗಳನ್ನು ಕೈಯಿಂದಲೇ ತೆಗೆಯುತ್ತಾ ಒಂದು ಕ್ರಮವನ್ನು ರೂಪಿಸಿದರು. ಅದರಲ್ಲಿ ಮೂರು ಮಾತುಗಳಿವೆ. ಒಳ್ಳೆಯ ಗಿಡಗಳಿರುವ ಜಾಗದಿಂದ ಶುರುಮಾಡಿ ಕಳೆ ತುಂಬಿದ ಜಾಗದ ಕಡೆಗೆ ಸಾಗಬೇಕು. ಮಣ್ಣನ್ನು ಆದಷ್ಟು ಕದಡಬಾರದು. ತೆರೆದ ಜಾಗವನ್ನು ಒಳ್ಳೆಯ ಗಿಡಗಳು ತುಂಬಿಕೊಳ್ಳುವ ವೇಗಕ್ಕೆ ತಕ್ಕಂತೆ ಮಾತ್ರ ಮುಂದೆ ಹೋಗಬೇಕು. ಅವರು ಇದನ್ನು ಮಾಡಿದ್ದು ಕಾಡಿಗೆ. ಆದರೆ ಸಮಯ ಕಡಿಮೆಯಿರುವ ಮನೆಯ ಹಿತ್ತಲಿಗೆ ಇದಕ್ಕಿಂತ ಹೊಂದುವ ಕ್ರಮವನ್ನು ನಾನು ಕಂಡಿಲ್ಲ. ಚೆನ್ನಾಗಿರುವ ಜಾಗದಲ್ಲಿ ಸ್ವಲ್ಪ ಶ್ರಮಕ್ಕೆ ಹೆಚ್ಚು ಫಲ. ಕೆಟ್ಟ ಜಾಗದಲ್ಲಿ ಎಲ್ಲ ಶ್ರಮವೂ ಒಂದು ಮಳೆಗೆ ಹೋಗುತ್ತದೆ.

ಹಾಗಾಗಿ ಕೆಲಸ ಹಿತ್ತಲ ಬಾಗಿಲಿನಿಂದ, ಒಗೆಯುವ ಕಲ್ಲು ಮತ್ತು ಕರಿಬೇವಿನ ನಡುವಿನ ನೆಲದ ಪಟ್ಟಿಯಿಂದ ಶುರುವಾಯಿತು. ನಾವು ಒಪ್ಪಿಕೊಂಡ ಷರತ್ತು ಒಂದೇ: ಅದೇ ದಿನ ಮುಚ್ಚಲಾಗುವಷ್ಟು ನೆಲವನ್ನು ಮಾತ್ರ ತೆರೆಯಬೇಕು. ಎಷ್ಟು ಹೊತ್ತಿದೆ ಎಂದು ಮೊದಲು ನೋಡಿ, ಅದರಿಂದ ಜಾಗದ ಅಳತೆ ನಿರ್ಧಾರವಾಗಬೇಕು.

ಹೊತ್ತು ಎಲ್ಲಿದೆ ಎಂದು ಹುಡುಕಲು ತಂದೆ ವಾರದ ದಿನಚರಿಯನ್ನು ಹಾಳೆಯ ಮೇಲೆ ಬರೆದರು. ಖಚಿತವಾಗಿ ಸಿಗುವುದು ಎರಡೇ ಎಂದು ಕಂಡಿತು: ಬೆಳಿಗ್ಗೆ ಮಕ್ಕಳು ಏಳುವ ಮೊದಲಿನ ಇಪ್ಪತ್ತು ನಿಮಿಷ, ಸಂಜೆ ಮಗ ಹೊರಗೆ ಆಡುವಾಗಿನ ಹದಿನೈದು ನಿಮಿಷ. ಇವೆರಡನ್ನು ಒಂದೇ ತೂಕದಲ್ಲಿ ನೋಡುವಂತಿಲ್ಲ. ಕುಡುಗೋಲು, ಗರಗಸ, ಹಾರೆ ಹಿಡಿಯುವ ಕೆಲಸ ಬೆಳಿಗ್ಗೆ ಮಾತ್ರ, ಅದೂ ತಾಯಿ ಮನೆಯಲ್ಲಿದ್ದಾಗ. ಸಂಜೆ ಕೈಯಿಂದ ಕೀಳುವುದು, ತರಗೆಲೆ ಹರಡುವುದು. ಅಂದರೆ ಮಗು ಎದ್ದು ಓಡಿದ ಕ್ಷಣವೇ ಕೈಯಲ್ಲಿರುವುದನ್ನು ಬಿಟ್ಟು ಓಡಬಹುದಾದ ಕೆಲಸ. ಸಣ್ಣ ಮಕ್ಕಳ ತಂದೆತಾಯಿಗೆ ಈ ವಿಂಗಡಣೆಯನ್ನು ನಾನು ಈಗ ಮೊದಲ ಭೇಟಿಯಲ್ಲೇ ಹೇಳುತ್ತೇನೆ.

ಪಟ್ಟಿಯೊಂದನ್ನು ಸರಿಪಡಿಸುತ್ತಿದ್ದದ್ದು ಹೀಗೆ. ಹೂ ಬಿಡುವ ಮೊದಲೇ ಪಾರ್ಥೇನಿಯಂ ಕೀಳುವುದು. ಅದು ಹಲವರಿಗೆ ಚರ್ಮದ ತುರಿಕೆ, ಸೀನು ತರುವುದರಿಂದ ಕೈಗವಸು, ಮೂಗಿಗೆ ಬಟ್ಟೆ ಕಟ್ಟಿಕೊಂಡೇ. ಅಗೆಯದೆ, ಉಳಿದ ಹಸಿರನ್ನು ನೆಲಮಟ್ಟಕ್ಕೆ ಕೊಯ್ದು ಅಲ್ಲಿಯೇ ಬಿಡುವುದು. ಅದರ ಮೇಲೆ ಅಂಟುಪಟ್ಟಿ ಕಿತ್ತ ರಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಗೇಣಗಲ ಬರುವಂತೆ ಹಾಸಿ, ನೀರಲ್ಲಿ ನೆನೆಸಿ, ಮೇಲೆ ಅಂಗೈ ಅಗಲದಷ್ಟು ದಪ್ಪ ತರಗೆಲೆ ಹೊದಿಸುವುದು. ಗಿಡದ ಬುಡಕ್ಕೆ ಹೊದಿಕೆ ತಾಗದಂತೆ ಬಿಡುವುದು, ಇಲ್ಲದಿದ್ದರೆ ಕಾಂಡ ಕೊಳೆಯುತ್ತದೆ. ಮನೆಯ ಗೋಡೆಯಿಂದ ಒಂದಡಿ ದೂರವಿಡುವುದು, ಇಲ್ಲದಿದ್ದರೆ ಗೆದ್ದಲಿಗೆ ದಾರಿ ಮಾಡಿಕೊಟ್ಟಂತೆ. ಬೀಜ ಕಟ್ಟಿದ ಕಳೆಯನ್ನು ಗೊಬ್ಬರದ ಗುಂಡಿಗೆ ಹಾಕುತ್ತಿರಲಿಲ್ಲ. ಬೀಜ ಸಾಯಲು ಗುಡ್ಡೆಯೊಳಗೆ 55 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕಾವು ಕೆಲವು ದಿನ ನಿಲ್ಲಬೇಕು. ಮನೆಯ ಸಣ್ಣ ಗುಡ್ಡೆ ಅಷ್ಟು ಕಾವೇರುವುದು ಅಪರೂಪ.

ಮೊದಲ ಪಟ್ಟಿ ಚಾಪೆಯೊಂದಕ್ಕಿಂತ ಸ್ವಲ್ಪ ದೊಡ್ಡದಿತ್ತು, ಅಷ್ಟೇ. ಇಷ್ಟೇನಾ ಎಂದು ತಂದೆಗೆ ಅನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಆದರೆ ಮುಂದಿನ ವಾರ ಅದು ಹಾಗೆಯೇ ಇತ್ತು. ಅದರ ಮುಂದಿನ ವಾರವೂ. ಈ ಹಿತ್ತಲಿನಲ್ಲಿ ಮಾಡಿದ ಕೆಲಸ ಉಳಿದದ್ದು ಅದೇ ಮೊದಲು.

ಈ ನಿಧಾನದ ನಡಿಗೆಯಿಂದಲೇ ಮಲ್ಲಿಗೆಯೂ ಸಿಕ್ಕಿತು. ಕತ್ತರಿಸಿಹೋಗಿದ್ದ ಬುಡದಿಂದ ಕಳೆಗಳ ನಡುವೆ ಚಿಗುರು ಬಂದಿತ್ತು. ತಾಯಿ ಎಲೆಯಿಂದ ಗುರುತಿಸಿ ಪಕ್ಕದಲ್ಲಿ ಕೋಲು ನೆಟ್ಟರು. ಆಮೇಲೆ ಹೊಸ ಪಟ್ಟಿಗೆ ಕೈ ಹಾಕುವ ಮೊದಲು ಬಣ್ಣದ ಬಟ್ಟೆಯ ಚೂರು ಹಿಡಿದು ಇಬ್ಬರೂ ಒಮ್ಮೆ ನಡೆದು, ಉಳಿಯಬೇಕಾದದ್ದಕ್ಕೂ ಗೊತ್ತಿಲ್ಲದ್ದಕ್ಕೂ ಕಟ್ಟುವುದು ರೂಢಿಯಾಯಿತು. ಗೊತ್ತಿಲ್ಲದ ಗಿಡ ಹೂ ಬಿಟ್ಟು ಗುರುತು ಸಿಗುವವರೆಗೆ ಅದಕ್ಕೆ ಕತ್ತಿ ತಾಗುತ್ತಿರಲಿಲ್ಲ. ಹೀಗೆ ಉಳಿದವುಗಳಲ್ಲಿ ಒಂದು ನಂದಿಬಟ್ಟಲು.

ಮಕ್ಕಳ ಪಾಲು

ಮಗಳಿಗೆ ಅವಳದೇ ಎಂದು ಒಂದು ಚಿಕ್ಕ ಜಾಗ ಕೊಟ್ಟರು. ಅಲ್ಲಿ ಏನು ನೆಡಬೇಕು, ಯಾವಾಗ ಕೀಳಬೇಕು ಎಲ್ಲ ಅವಳ ಇಷ್ಟ. ಮಕ್ಕಳನ್ನು ತೋಟದ ಕೆಲಸಕ್ಕೆ ಹಚ್ಚಿದರೆ ಕೆಲಸ ಬೇಗ ಆಗುತ್ತದೆಂದು ನಂಬುವುದು ಸರಿಯಲ್ಲ, ನಿಧಾನವಾಗುತ್ತದೆ. ಆದರೂ ಇದು ಬೇಕಾಗಿತ್ತು, ಏಕೆಂದರೆ ತನ್ನ ಜಾಗವಿದ್ದಾಗ ಅವಳು ಇಡೀ ಹಿತ್ತಲಿನಲ್ಲಿ ಅಲೆಯುವುದು ಕಡಿಮೆಯಾಯಿತು. ಗೊತ್ತಿಲ್ಲದ ಕಾಯಿ, ಬೀಜ ಸಿಕ್ಕರೆ ಮೊದಲು ತೋರಿಸಬೇಕೆಂಬ ಮಾತನ್ನು ಅವಳು ತಮ್ಮನಿಗೂ ಹೇಳಿಕೊಟ್ಟಳು. ಬೀಜ ತಂದು ತೋರಿಸಿದ್ದಕ್ಕೆ ಅಂದು ತಂದೆ ಬೈಯದೆ ಇದ್ದದ್ದರ ಫಲ ಇದು. ಬೈದಿದ್ದರೆ ಮುಂದಿನ ಸಲ ಬಚ್ಚಿಡುತ್ತಿದ್ದಳು.

ಕೈಬಿಟ್ಟ ತಿಂಗಳು

ಸುಮಾರು ಒಂದು ವರ್ಷವಾಗಿ, ಹಿತ್ತಲಿನ ಮುಂಭಾಗ ಒಂದು ರೂಪಕ್ಕೆ ಬಂದಿದ್ದಾಗ ಮನೆಯಲ್ಲಿ ಕಾಯಿಲೆ ಬಂತು. ಮೊದಲು ಮಗ, ಆಮೇಲೆ ತಾಯಿ. ಜೊತೆಗೆ ತಂದೆಯ ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕ. ಒಂದು ತಿಂಗಳಿಗೂ ಹೆಚ್ಚು ಕಾಲ ಯಾರೂ ಹಿತ್ತಲಿನಲ್ಲಿ ಕೆಲಸ ಮಾಡಲಿಲ್ಲ. ನಡುವೆ ಅಕಾಲದ ಮಳೆಯೂ ಸುರಿಯಿತು.

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಆ ತಿಂಗಳು. ಬಿಡುವಿಲ್ಲದ ಮನೆಯಲ್ಲಿ ತೋಟದ ಯೋಜನೆ ಚೆನ್ನಾಗಿದೆಯೇ ಇಲ್ಲವೇ ಎಂಬುದು ಎಲ್ಲ ಸರಿಯಿರುವ ವಾರದಲ್ಲಿ ತಿಳಿಯುವುದಿಲ್ಲ. ಒಂದು ತಿಂಗಳು ತಿರುಗಿ ನೋಡದಿದ್ದರೆ ಎಷ್ಟು ಉಳಿಯುತ್ತದೆ ಎಂಬುದರಿಂದ ತಿಳಿಯುತ್ತದೆ. ಹೋಗಿ ನೋಡಿದಾಗ ದಪ್ಪ ಹೊದಿಕೆ ಹಾಕಿ, ಗಿಡಗಳು ಒಂದಕ್ಕೊಂದು ಕೂಡಿ ನೆರಳು ಕಟ್ಟಿದ್ದ ಪಟ್ಟಿಗಳಲ್ಲಿ ಬೆರಳೆಣಿಕೆಯಷ್ಟು ಕಳೆ ಮಾತ್ರ ಇತ್ತು. ತರಗೆಲೆ ಸಾಲದೆ ತೆಳುವಾಗಿ ಹೊದಿಸಿದ್ದ ಕಡೆ ಪಾರ್ಥೇನಿಯಂ ಮೊಣಕಾಲೆತ್ತರ. ಕೊನೆಯ ವಾರ ಅವಸರದಲ್ಲಿ ತೆರೆದು, ಹೊದಿಸದೆ ಬಿಟ್ಟಿದ್ದ ತುಂಡಂತೂ ಪಕ್ಕದ ಕಾಡಿನಿಂದ ಬೇರೆ ಎಂದು ಹೇಳುವಂತಿರಲಿಲ್ಲ.

ತಂದೆ ಆ ತೆಳು ಪಟ್ಟಿಗಳನ್ನೆಲ್ಲ ಒಂದೇ ರಜೆಯಲ್ಲಿ ಮತ್ತೆ ಗೆಲ್ಲುವ ಹುಮ್ಮಸ್ಸಿನಲ್ಲಿದ್ದರು. ಕೂತು ಮಾತಾಡಿದ ಮೇಲೆ ಬೇರೆ ತೀರ್ಮಾನಕ್ಕೆ ಬಂದರು. ಹೊಸ ನೆಲ ತೆರೆಯುವುದನ್ನು ಆ ಇಡೀ ಋತುವಿಗೆ ನಿಲ್ಲಿಸಿ, ಇರುವುದನ್ನೇ ದಪ್ಪ ಮಾಡುವುದು. ತರಗೆಲೆ ಸಿಕ್ಕಾಗಲೆಲ್ಲ ಚೀಲಗಳಲ್ಲಿ ಕೂಡಿಟ್ಟು, ರಟ್ಟು ಮತ್ತು ತರಗೆಲೆ ಎರಡೂ ಸಾಕಷ್ಟು ಸಂಗ್ರಹವಾದ ಮೇಲೆಯೇ ಮುಂದಿನ ಪಟ್ಟಿ. ಅಂದರೆ ಮುಚ್ಚುವ ಸಾಮಗ್ರಿ ಮೊದಲು, ತೆರೆಯುವುದು ಆಮೇಲೆ. ನೋಡಲು ಇದು ಹಿಂದೆ ಸರಿದಂತೆ. ಆದರೆ ಎರಡನೇ ವರ್ಷ ಅವರು ಮೊದಲ ವರ್ಷಕ್ಕಿಂತ ಹೆಚ್ಚು ನೆಲ ಹಿಡಿದರು, ಮತ್ತು ಹಿಡಿದದ್ದನ್ನು ಕಳೆದುಕೊಳ್ಳಲಿಲ್ಲ.

ಹಳೆಯ ಗಿಡಗಳು, ಜೇಕು, ಲಂಟಾನ

ದಾಸವಾಳಗಳು ಒಳಗೆ ಒಣಗಿ ತುದಿಯಲ್ಲಷ್ಟೇ ಎಲೆ ಉಳಿಸಿಕೊಂಡಿದ್ದವು, ಮೈತುಂಬ ಹಿಟ್ಟು ತಿಗಣೆ. ಬುಡದವರೆಗೆ ಕತ್ತರಿಸಿಬಿಡೋಣ ಎಂದು ತಂದೆ ಹೇಳಿದರು. ಒಂದೇ ಸಲಕ್ಕೆ ಹಾಗೆ ಮಾಡಿದರೆ ಸೊರಗಿದ ಗಿಡ ತಾಳದೆ ಹೋಗಬಹುದು. ಪ್ರತಿ ವರ್ಷ ಅತಿ ಹಳೆಯ ಮೂರನೇ ಒಂದು ಭಾಗದಷ್ಟು ಕಾಂಡಗಳನ್ನು ಬುಡದಲ್ಲಿ ತೆಗೆದು, ಮೂರು ವರ್ಷಗಳಲ್ಲಿ ಗಿಡವನ್ನು ಪೂರ್ತಿ ಹೊಸದು ಮಾಡುವುದು ಸುರಕ್ಷಿತ. ದಾಸವಾಳ ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಮೊದಲ ವರ್ಷವೇ ಹೂ ಕಂಡಿತು. ತಿಗಣೆಗೆ ಜೋರು ನೀರು, ತೆಳು ಸಾಬೂನು ನೀರು, ಮತ್ತು ಅವನ್ನು ಕಾಯುವ ಇರುವೆಗಳು ಹತ್ತದಂತೆ ನೋಡಿಕೊಂಡದ್ದು ಸಾಕಾಯಿತು.

ಸೀಬೆಯ ಒಣ ಕೊಂಬೆಯನ್ನು ಮೂರು ಕೊಯ್ತದಲ್ಲಿ ಇಳಿಸಿದರು: ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಅರ್ಧ ಕೊಯ್ತ, ಅದರಾಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿಗೆ ಹೊರಗೆ. ಹೀಗೆ ಮಾಡಿದರೆ ತೂಕಕ್ಕೆ ತೊಗಟೆ ಸಿಗಿಯುವುದಿಲ್ಲ. ಗಾಯಕ್ಕೆ ಬಣ್ಣ ಬಳಿಯಬೇಕೇ ಎಂದು ಕೇಳಿದರು. ಬೇಡ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದಂತೆ, ಮರ ತನ್ನ ಗಾಯವನ್ನು ಒಳಗಿನಿಂದ ಗೋಡೆ ಕಟ್ಟಿ ಬೇರ್ಪಡಿಸುತ್ತದೆ. ಬಣ್ಣ ಅದಕ್ಕೆ ನೆರವಾಗುವುದಿಲ್ಲ.

ಜೇಕು ರಟ್ಟಿಗೆ ಜಗ್ಗಲಿಲ್ಲ. ಅದರ ಸೂಜಿಮೊನೆಯ ಚಿಗುರು ರಟ್ಟನ್ನೂ ಪ್ಲಾಸ್ಟಿಕ್ ಹಾಳೆಯನ್ನೂ ತೂತು ಮಾಡಿಕೊಂಡು ಬರುತ್ತದೆ. ಚಿಗುರಿದ ಮೂರು ನಾಲ್ಕು ವಾರಗಳಲ್ಲಿ ಹೊಸ ಗಡ್ಡೆ ಕಟ್ಟಲು ಶುರುಮಾಡುವುದರಿಂದ, ಅದಕ್ಕೆ ಮೊದಲೇ ಮತ್ತೆ ಮತ್ತೆ ಕಿತ್ತರೆ ಗಡ್ಡೆಯ ಕಸುವು ಕರಗುತ್ತದೆ. ಸಂಜೆಯ ಹದಿನೈದು ನಿಮಿಷಕ್ಕೆ ಅದು ತಕ್ಕ ಕೆಲಸವಾಯಿತು. ಜೇಕಿಗೆ ನೆರಳು ಆಗುವುದಿಲ್ಲ, ಆದ್ದರಿಂದ ಆ ಭಾಗಕ್ಕೆ ಅಗಲ ಎಲೆಯ ಗೆಣಸಿನ ಬಳ್ಳಿ ಹಬ್ಬಿಸಿದರು. ಪೂರ್ತಿ ಹೋಗಿಲ್ಲ, ತೆಳುವಾಗಿದೆ. ಪೂರ್ತಿ ಹೋಗುವವರೆಗೆ ಬಿಡುವುದಿಲ್ಲ ಎಂದು ಪಟ್ಟು ಹಿಡಿದಿದ್ದರೆ ಉಳಿದ ತೋಟ ಹಾಳಾಗುತ್ತಿತ್ತು.

ಲಂಟಾನಕ್ಕೆ ಕೊನೆಗೆ ಕೈಹಾಕಿದ್ದು, ಅದೂ ಅಂಚಿನಿಂದ ಒಂದೊಂದೇ ಪೊದೆ. ಬುಡದ ಸುತ್ತ ಮಣ್ಣು ಸರಿಸಿ, ನೆಲಮಟ್ಟದಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ಮುಖ್ಯ ಬೇರನ್ನೇ ಕತ್ತರಿಸಿ, ಕಿತ್ತ ಪೊದೆಯನ್ನು ಬೇರು ಮೇಲಾಗಿ ತಲೆಕೆಳಗೆ ನಿಲ್ಲಿಸುತ್ತಿದ್ದರು. ಕೊಂಬೆ ಮಣ್ಣಿಗೆ ತಾಗಿ ಬೇರು ಬಿಡುವ ಮೊದಲೇ ಇಡೀ ಪೊದೆ ಒಣಗುತ್ತದೆ. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸುವುದರಿಂದ ಹೊಸ ಸಸಿ ಬರುತ್ತಲೇ ಇವೆ. ಗೇಣುದ್ದ ಇರುವಾಗ ಕಿತ್ತರೆ ಅದು ಎರಡು ಬೆರಳಿನ ಕೆಲಸ.

ಈಗ

ಇಂದು ಹಿತ್ತಲಿನ ಮೂರನೇ ಎರಡು ಭಾಗ ತೋಟವಾಗಿದೆ. ಮಗ ಬಾಗಿಲಿನಿಂದ ಸೀಬೆ ಮರದವರೆಗೆ ತಾನೇ ಓಡಾಡುತ್ತಾನೆ. ತಂದೆ ದಿನಕ್ಕೆ ಅದೇ ಹೊತ್ತನ್ನೇ ಕೊಡುತ್ತಿದ್ದಾರೆ, ಆದರೆ ಈಗ ಅದರ ಹೆಚ್ಚಿನ ಪಾಲು ನೆಡುವುದಕ್ಕೆ, ನೀರು ಹಾಕುವುದಕ್ಕೆ ಹೋಗುತ್ತದೆ. ಭಾನುವಾರಗಳು ಮಕ್ಕಳಿಗೆ ಮರಳಿ ಸಿಕ್ಕಿವೆ.

ಹಿಂದಿನ ಮೂರನೇ ಭಾಗದಲ್ಲಿ ಉಳಿದ ಲಂಟಾನವನ್ನು ಏನು ಮಾಡುವುದೆಂಬ ಬಗ್ಗೆ ದಂಪತಿಯಲ್ಲಿ ಒಮ್ಮತವಿಲ್ಲ. ತೆಗೆದು ಮುಗಿಸಬೇಕೆಂದು ತಾಯಿ. ಆ ಪೊದೆಯಲ್ಲಿ ಗೂಡು ಕಟ್ಟುವ ಪಿಕಳಾರಗಳು ಎಲ್ಲಿಗೆ ಹೋಗಬೇಕು, ಬೇರೆ ಪೊದೆಗಿಡ ಬೆಳೆದ ಮೇಲೆ ತೆಗೆಯೋಣ ಎಂದು ತಂದೆ. ನಾನು ತಂದೆಯ ಪರ ಇದ್ದೇನೆ, ಹಕ್ಕಿಗಳ ಕಾರಣಕ್ಕೂ, ಕೆಲಸದ ಕಾರಣಕ್ಕೂ. ಸದ್ಯಕ್ಕೆ ಅದರ ಅಂಚನ್ನು ತಿಂಗಳಿಗೊಮ್ಮೆ ಸವರಿ ಅಲ್ಲಿಯೇ ತಡೆದಿದ್ದಾರೆ; ಅಂಚಿನ ಈಚೆಗೆ ಹೊಸ ದಾಸವಾಳ, ನಂದಿಬಟ್ಟಲಿನ ಕಡ್ಡಿಗಳನ್ನು ಸಾಲಾಗಿ ನೆಟ್ಟಿದ್ದಾರೆ. ನಂದಿಬಟ್ಟಲಿನ ಹಾಲೂ ಬಾಯಿಗೆ ಹೋಗಬಾರದಾದ್ದರಿಂದ ಅದು ಮಗನ ಕೈಗೆ ಸಿಗದ ಆ ಕಡೆಗೇ ಇದೆ. ಮಗ ಬರುವ ವರ್ಷ ಶಾಲೆಗೆ ಹೋಗುತ್ತಾನೆ, ಬೆಳಿಗ್ಗೆ ಇನ್ನೊಂದಿಷ್ಟು ಹೊತ್ತು ಸಿಗುತ್ತದೆ. ಆಗಲೂ ಮುಂದಿನ ಪೊದೆಗೆ ಕೈ ಹಾಕುವ ಮೊದಲು ಮುಂಭಾಗದ ಪಟ್ಟಿಗಳನ್ನು ಒಂದು ತಿಂಗಳು ಮುಟ್ಟದೆ ಬಿಟ್ಟು ನೋಡಬೇಕೆಂದು ಇಬ್ಬರೂ ಒಪ್ಪಿದ್ದಾರೆ.